ಪಕ್ಕದ ಮನೆಯವರ ಕಬ್ಬಿಣ

ನೆರೂಳಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದು ಈಚೆಗೆ ತೀರಿಕೊಂಡ ಹಿರಿಯರು ಉಡುಪಿ ಕಡೆಯವರು, ಕಳಂಬೋಲಿಯಲ್ಲಿ ಕಬ್ಬಿಣದ ವ್ಯಾಪಾರಿ. ಕರುಳಿನ ಉರಿಯೂತದಿಂದಾಗಿ ಅವರ ರಕ್ತದಲ್ಲಿ ಮಾತ್ರ ಕಬ್ಬಿಣ ನಿಲ್ಲುತ್ತಿರಲಿಲ್ಲ. ಹೇಗಿದ್ದೀರಿ ಎಂದರೆ, “ಗೋಡೌನ್ ಖಾಲಿ ಮಾರಾಯ್ರೆ” ಎನ್ನುತ್ತಿದ್ದರು.

ಒಮ್ಮೆ ರಿಪೋರ್ಟಿನಲ್ಲಿ, ಮೈಯಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ಅಂಕಿ ಏರಿತ್ತು. ಡಾಕ್ಟರನ್ನು ಕಾಣುವ ಮೊದಲೇ “ಮಾಲು ಬಂತು!” ಎಂದು ಇಡೀ ಬಿಲ್ಡಿಂಗಿಗೆ ಪೇಡೆ ಹಂಚಿಬಿಟ್ಟರು.

ಸಂಜೆ ಡಾಕ್ಟರ ಬಳಿಗೆ ನಾನೂ ಜೊತೆಗೆ ಹೋದೆ.

“ಕಾಕಾ, ಉರಿಯೂತ ಜೋರಾದಾಗಲೂ ಈ ಅಂಕಿ ಏರುತ್ತದೆ. ಕಬ್ಬಿಣ ಕಡಿಮೆಯೇ ಇದೆ, ಕಾಯಿಲೆ ಕೆರಳಿದೆ. ನಾಳೆಯೇ ಅಡ್ಮಿಟ್ ಆಗಿ,” ಎಂದರು ಡಾಕ್ಟರು ಮರಾಠಿಯಲ್ಲಿ.

ಇವರು ನನ್ನತ್ತ ತಿರುಗಿದರು. “ಅಂದ್ರೆ ಬಂದದ್ದು ಮಾಲಲ್ಲ, ಬರೇ ಬಿಲ್ಲು!”

ಮನೆಯ ಬಾಗಿಲಲ್ಲೇ ಅವರ ಹೆಂಡತಿ ಕಾದಿದ್ದರು. “ಎಂತ ಹೇಳಿದ್ರು?”

“ಎಂತ ಇಲ್ಲ. ನೀನು ಕೂತ್ಕೋ, ಚಾ ನಾನು ಮಾಡ್ತೇನೆ.”

ಜನ್ಮದಲ್ಲಿ ಒಲೆ ಹಚ್ಚಿದವರಲ್ಲ. ಆಕೆ ನನ್ನ ಮುಖ ನೋಡಿದರು, ಮೆಲ್ಲಗೆ ಕುರ್ಚಿಯಲ್ಲಿ ಕುಳಿತರು. ಆ ಚಹಾಕ್ಕೆ ಸಕ್ಕರೆಯೇ ಬಿದ್ದಿರಲಿಲ್ಲ. ಚೆನ್ನಾಗಿದೆ ಎಂದು ಆಕೆ ಇನ್ನರ್ಧ ಲೋಟ ಕೇಳಿ ಕುಡಿದರು.