ನಲವತ್ತಕ್ಕೆ ಒಂದು

ಹಿಂದಿನ ಬೀದಿಯ ಸೋಡಾ ಕಾರ್ಖಾನೆಯಲ್ಲಿ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುವ ಸದ್ದಿಗೆ ಸೊನ್ನೆ ಮೇಷ್ಟ್ರು ದಿನಾ ಎದ್ದು ಕೂರುತ್ತಿದ್ದರು. ಮೂವತ್ತೈದು ವರ್ಷ ಗಣಿತ ಹೇಳಿಕೊಟ್ಟು ಅವರು ಕೈಬಿಚ್ಚಿ ಹಂಚಿದ್ದು ಸೊನ್ನೆಯನ್ನು ಮಾತ್ರ. ಅದಕ್ಕೇ ಆ ಹೆಸರು. ಬೀಳ್ಕೊಡುಗೆಯ ದಿನ ಹೊಗಳಲು ನಿಂತ ಮುಖ್ಯೋಪಾಧ್ಯಾಯರ ಬಾಯಲ್ಲೂ ತಪ್ಪಿ ಅದೇ ಬಂದಿತ್ತು.

ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಮೇಷ್ಟ್ರೇ ಪರೀಕ್ಷೆಗೆ ಕೂತರು. ಫ್ಲೂ ಲಸಿಕೆ ವಯಸ್ಸಾದವರ ಮೈಯಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂದು ಆಸ್ಪತ್ರೆಯವರು ಪರೀಕ್ಷಿಸುತ್ತಿದ್ದರು. ಹಿಂದಿನ ಚಳಿಗಾಲದಲ್ಲಿ ಆ ಜ್ವರ ಹೆಂಡತಿಯ ಎದೆಗೆ ಇಳಿದು, ಅವಳು ಹನ್ನೊಂದು ದಿನ ಮೂಗಿಗೆ ಆಕ್ಸಿಜನ್ ನಳಿಕೆ ಇಟ್ಟುಕೊಂಡು ಮಲಗಿದ್ದಳು. ಆ ಹನ್ನೊಂದು ದಿನ ಮೇಷ್ಟ್ರು ಯಾರನ್ನೂ ಬೈದಿರಲಿಲ್ಲ; ಅವರಿಗೂ ಕಾಯಿಲೆ ಎಂದೇ ಪಕ್ಕದ ಮನೆಯವರು ತಿಳಿದಿದ್ದರು. ಈ ಸಲ ಗಂಡ ಹೆಂಡತಿ ಒಂದೇ ಬೆಂಚಿನಲ್ಲಿ ಕೂತು ಚುಚ್ಚಿಸಿಕೊಂಡರು, ನಾಲ್ಕು ವಾರ ಬಿಟ್ಟು ರಕ್ತ ಕೊಟ್ಟು ಬಂದರು.

ವರದಿ ಬಂತು. ಮೇಷ್ಟ್ರ ಹೆಸರಿನ ಮುಂದೆ 1/40. ಹೆಂಡತಿಯದು 1/10.

ಓರೆಗೆರೆಯ ಆಚೆಗಿರುವುದು ಒಟ್ಟು ಅಂಕ, ಈಚೆಗಿರುವುದು ಬಂದ ಅಂಕ. ಇದನ್ನು ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಲವತ್ತಕ್ಕೆ ಒಂದು, ಶೇಕಡಾ ಎರಡೂವರೆ. ಹೆಂಡತಿಗೆ ಶೇಕಡಾ ಹತ್ತು. ಇಂಥ ಅಂಕಗಳನ್ನು ಅವರು ಕೊಟ್ಟಿದ್ದರೇ ಹೊರತು ಪಡೆದಿರಲಿಲ್ಲ.

"ಬೇಜಾರು ಮಾಡ್ಕೋಬೇಡಿ," ಎಂದಳು ಹೆಂಡತಿ. "ನಾನೂ ಫೇಲೇ. ಆದ್ರೆ ನಿಮಗಿಂತ ನಾಲ್ಕು ಪಟ್ಟು ಚೆನ್ನಾಗಿ ಫೇಲಾಗಿದೀನಿ."

ಅಂದಿನಿಂದ ಮನೆಯ ಆಡಳಿತ ಬದಲಾಯಿತು. ಮೇಷ್ಟ್ರು ಮಾಸ್ಕ್ ಕಟ್ಟಿಕೊಂಡು ಕಿಟಕಿಯ ಪಕ್ಕ ಕೂತರು. ತರಕಾರಿ, ಬ್ಯಾಂಕು, ಔಷಧಿ ಅಂಗಡಿಯ ಸಾಲು ಎಲ್ಲ ಹೆಂಡತಿಯ ಪಾಲಿಗೆ ಹೋದವು. ಆ ಜ್ವರದಿಂದೆದ್ದ ಮೇಲೆ ಆಸ್ಪತ್ರೆಗೆ ಬಿಟ್ಟರೆ ಹೊಸ್ತಿಲು ದಾಟದೆ ಕೂತಿದ್ದವಳು ಈಗ ಚಪ್ಪಲಿ ಸವೆಯುವಂತೆ ತಿರುಗಿದಳು. ಮೇಷ್ಟ್ರು ಒಳಗೊಳಗೇ ಕುದಿದು, ಕೊನೆಗೆ ಬಿಳಿ ಹಾಳೆಯಲ್ಲಿ ಮರುಮೌಲ್ಯಮಾಪನಕ್ಕೆ ಅರ್ಜಿ ಬರೆದರು. ತಮ್ಮ ಕಾಲದಲ್ಲಿ ಇಂಥ ಅರ್ಜಿಗಳನ್ನು ಮಡಿಕೆ ಬಿಚ್ಚದೆಯೇ ತಿರಸ್ಕರಿಸುತ್ತಿದ್ದುದು ಆ ಹೊತ್ತಿಗೆ ನೆನಪಿಗೆ ಬರಲಿಲ್ಲ.

ಅವರು ಹೊರಟಾಗ ಹೆಂಡತಿಯೂ ಚೀಲ ತುಂಬುತ್ತಿದ್ದಳು. ಅವಳ ಅಕ್ಕನಿಗೆ ಮೂರು ದಿನದಿಂದ ಫ್ಲೂ; ನೋಡಿಕೊಳ್ಳುವವರಿಲ್ಲ. ಹತ್ತು ಗಂಟೆಯ ಬಸ್ಸಿಗೆ ಹೋಗಿ ವಾರ ಇದ್ದು ಬರುತ್ತಾಳಂತೆ. ಅಕ್ಕನ ಮನೆಯಲ್ಲಿ ಫೋನಿದೆಯಲ್ಲ ಎಂದು ತನ್ನದನ್ನು ಬಿಟ್ಟೇ ಹೊರಟಿದ್ದಳು. "ಹೋಗು ಹೋಗು, ನೀನು ಗಟ್ಟಿ," ಎಂದು ಮೇಷ್ಟ್ರು ಕೊಂಕು ನುಡಿದು ಮೆಟ್ಟಿಲಿಳಿದರು.

ಆಸ್ಪತ್ರೆಯ ಕೌಂಟರಿನಲ್ಲಿದ್ದ ನರ್ಸ್ ಅವರ ಹಳೆಯ ವಿದ್ಯಾರ್ಥಿನಿ, ಒಂಬತ್ತನೆಯ ತರಗತಿಯಲ್ಲಿ ಎರಡು ಸಲ ಸೊನ್ನೆ ಪಡೆದವಳು. ಅರ್ಜಿಯನ್ನು ಮೊದಲಿಂದ ಕೊನೆತನಕ ಓದಿದಳು. ನಗು ಬಂತು, ನುಂಗಿಕೊಂಡಳು. ಮೇಷ್ಟ್ರ ಮುಂದೆ ನಕ್ಕು ಅಭ್ಯಾಸವಿರಲಿಲ್ಲ.

"ಮೇಷ್ಟ್ರೇ, ಇದು ಮಾರ್ಕ್ಸ್ ಅಲ್ಲ. ರಕ್ತದ ತಿಳೀನ ತೆಳು ಮಾಡ್ತಾ ಮಾಡ್ತಾ ನೋಡ್ತಾರೆ. ನಲವತ್ತು ಪಟ್ಟು ತೆಳು ಮಾಡಿದ್ರೂ ನಿಮ್ಮದು ವೈರಸ್ಸನ್ನ ತಡೀತಿತ್ತು. ಆ ಸಂಖ್ಯೆ ದೊಡ್ಡದಿದ್ದಷ್ಟೂ ಒಳ್ಳೇದು. ನೀವು ಪಾಸು."

ಮೇಷ್ಟ್ರ ಎದೆ ಉಬ್ಬಿತು. ಗಣಿತದ ಮೇಷ್ಟ್ರಿಗೆ ಗಣಿತದಲ್ಲಿ ಫೇಲಾದವಳು ಲೆಕ್ಕ ಹೇಳಿಕೊಟ್ಟಿದ್ದನ್ನೂ ಆ ಖುಷಿಯಲ್ಲಿ ಕ್ಷಮಿಸಿದರು. ಆಮೇಲೆ ಉಬ್ಬಿದ ಎದೆ ಅಲ್ಲೇ ನಿಂತಿತು.

"ಹಾಗಾದ್ರೆ ಹತ್ತು?"

"ಹತ್ತರಾಚೆ ಕೈಚೆಲ್ಲಿಬಿಡುತ್ತೆ. ವಯಸ್ಸಾದ ಮೇಲೆ ಕೆಲವರ ಮೈ ಲಸಿಕೇನ ಸರಿಯಾಗಿ ಕಿವಿಗೇ ಹಾಕ್ಕೊಳಲ್ಲ. ಯಾರದು ಹತ್ತು?"

ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಆರು ನಿಮಿಷ. ಬಸ್ ನಿಲ್ದಾಣ ಎರಡು ಬೀದಿ ಆಚೆ. ಅಂಥವರನ್ನು ಡಾಕ್ಟರಿಗೆ ಇನ್ನೊಮ್ಮೆ ತೋರಿಸಬೇಕು, ಅಲ್ಲಿಯತನಕ ಕೆಮ್ಮುವವರ ಹತ್ತಿರ ಬಿಡಬಾರದು ಎಂದು ನರ್ಸ್ ಹೇಳುತ್ತಲೇ ಇದ್ದಳು. ಮೇಷ್ಟ್ರು ಮಾಸ್ಕನ್ನು ಕಿತ್ತು ಜೇಬಿಗೆ ತುರುಕಿದರು; ಓಡಲು ಉಸಿರು ಬೇಕಿತ್ತು.

"ಆ ಅರ್ಜಿ ಹರಿದು ಹಾಕಮ್ಮ," ಎಂದರು, ಆಗಲೇ ಬಾಗಿಲು ದಾಟುತ್ತಾ, "ಅವಳನ್ನ ಬಸ್ಸಿಂದ ಇಳಿಸ್ಬೇಕು, ಹೇಳ್ಬೇಕು, ಲೆಕ್ಕ ತಪ್ಪು ಮಾಡಿದ್ದು ನಾನು."