ಬೆರಳಿನ ತಾಕತ್ತು

ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಕಾಲುವೆ ಕಚೇರಿಯ ಗುಮಾಸ್ತರು. ಬರೀ ಬಣ್ಣ ನೋಡಿ ಎತ್ತು ಕೊಂಡವರ ಹಾಗೆ, ಹೈದರಾಬಾದಿನಿಂದ ಒಂದು ಕೆಂಪು ಗಿಟಾರು ತಂದಿದ್ದರು. ಎಷ್ಟು ಒತ್ತಿದರೂ ತಂತಿ ಗೊರ್ರೆನ್ನುತ್ತಿತ್ತು. "ಬೆರಳಿಗೆ ಇನ್ನಾ ತಾಕತ್ ಬಂದಿಲ್ಲ," ಎಂದು ಗೊಣಗುತ್ತ ಒಳಗೆ ಹೋಗಿ, ಹೆಂಡತಿ, ನಮ್ಮ ಕಾಕು, ರೊಟ್ಟಿಗೆ ಕಲಸಿಟ್ಟ ಹಿಟ್ಟನ್ನು ತಾವೇ ನಾದುತ್ತಿದ್ದರು. ವರ್ಷಗಟ್ಟಲೆ ನಾದಿದರು.

ಕಾಲುವೆಗೆ ನೀರು ಬಿಟ್ಟ ವರ್ಷ, ನೌಕರರ ಕ್ಯಾಂಪಿಗೆ ಹೊಸದಾಗಿ ಬಂದ ಎಂಜಿನಿಯರೊಬ್ಬರು ಆ ಗಿಟಾರನ್ನು ಎತ್ತಿ ನೋಡಿದರು. "ಇದರ ಕುತ್ತಿಗೀನ ಬಾಗ್ಯದ ರೀ. ತಂತಿ ಮ್ಯಾಲೆದ್ದಾವ. ಯಾರು ಒತ್ತಿದ್ರೂ ನುಡಿಯಂಗಿಲ್ಲ," ಎಂದು ತಮ್ಮದನ್ನು ಕೊಟ್ಟರು.

ಕಾಕಾ ಒತ್ತಿದರು. ಸ್ವರ ನಿಚ್ಚಳವಾಗಿ ಹೊಮ್ಮಿತು.

ಅವರು ಹಿಗ್ಗಲಿಲ್ಲ. ಗಿಟಾರು ಕೆಳಗಿಟ್ಟು, ಎಡಗೈ ಬೆರಳುಗಳನ್ನು ಒಂದೊಂದಾಗಿ ಸವರಿದರು.

"ಪಾಪ, ಇಷ್ಟ್ ವರ್ಷ ಸುಮ್ಮನ ಬೈಸಿಕೊಂಡ್ವು."