ಮೂಕಿ ಚಿತ್ರಕ್ಕೆ ಜೀನತಳ ಬಾಯಿ

ಹುಕ್ಕೇರಿಯ ಜೀನತಳಿಗೆ ಬಾಯಿ ಬಿಟ್ಟರೆ ಬೇರೆ ಆಸ್ತಿಯಿಲ್ಲ ಎಂದು ಅವಳ ಗಂಡ ಶಮಶೇರನೇ ಚೇಷ್ಟೆ ಮಾಡುತ್ತಾನೆ. ಮಾಡಲಿ ಬಿಡಿ, ಆ ಬಾಯಿಗೆ ಸೀಮೆಯೇ ಮರುಳಾಗಿದೆ. ಅವಳಪ್ಪ ಟೂರಿಂಗ್ ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದ. ಸಿನಿಮಾದ ಹುಚ್ಚು ಅಲ್ಲಿಂದಲೇ ಹತ್ತಿದ್ದು. ಈಗ ಶಾಲೆಗಳಲ್ಲಿ ಬಿಳಿ ಚಾದರ ಕಟ್ಟಿ, ನೂರು ವರ್ಷದ ಹಿಂದಿನ ಮೂಕಿ ಚಿತ್ರ ತೋರಿಸುತ್ತ, ಅದರೊಳಗಿನ ಸಾಹೇಬ, ಪೊಲೀಸ, ನಾಯಿ ಎಲ್ಲರಿಗೂ ತಾನೇ ಮಾತು ಕೊಡುತ್ತಾಳೆ. ಟೋಪಿಯೊಳಗಿಂದ ಕೋಳಿ ಹಾರುವ, ಮನುಷ್ಯ ಕಣ್ಣೆದುರೇ ಮಾಯವಾಗುವ ತಮಾಷೆಯ ಚಿತ್ರಗಳವು. ಮೂಡಲಗಿ, ಕೌಜಲಗಿಯ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದನ್ನು ನೀವು ನೋಡಬೇಕಿತ್ತು.

ಕಳೆದ ವರ್ಷ ಬೆಲ್ಲದ ಬಾಗೇವಾಡಿಯ ಒಂದು ಶಾಲೆಯಲ್ಲಿ ಮಾತ್ರ ನಗು ಬೇರೆ ದಾರಿ ಹಿಡಿಯಿತು. ಚಿತ್ರದಲ್ಲೊಬ್ಬಳು ಕಪ್ಪು ಮುಖದ ಕೆಲಸದಾಕೆ. ಸಾಹೇಬ ಗದರಿದಾಗೆಲ್ಲ ಅವಳು ಎಡವಿ ಬೀಳಬೇಕು. ಹಿಂದಿನಿಂದ ಯಾರೋ, "ಬಿಸಿಯೂಟದ ಮರೆವ್ವ ನೋಡ್ರಲೇ" ಎಂದರು. ಎಲ್ಲರೂ ಬಾಗಿಲಿನತ್ತ ತಿರುಗಿ ಗೊಳ್ಳೆಂದು ನಕ್ಕರು. ಅಲ್ಲೇ ನಿಂತು ನೋಡುತ್ತಿದ್ದ, ಕಪ್ಪು ಮೈಬಣ್ಣದ ಅಡುಗೆಯ ಮರೆವ್ವ ಸೆರಗು ಬಾಯಿಗೆ ಹಿಡಿದು ಅಡುಗೆಮನೆಗೆ ನಡೆದಳು.

ಜೀನತ ಅದನ್ನು ಕಂಡಳು. ಈಗ ಸುಮ್ಮನಿದ್ದರೆ ಆ ಹೆಂಗಸು ದಿನಾ ಅನ್ನ ಬಡಿಸುವಾಗ ಇದೇ ನಗು ಕೇಳಬೇಕು. ಅವಳು ಚಿತ್ರ ನಿಲ್ಲಿಸಿದಳು.

"ಆಕಿ ಮುಂಗೈ ನೋಡ್ರಿ, ಬೆಳ್ಳಗ ಐತಿ. ಕರಿ ಹೆಂಗಸಿಗೆ ಪಾರ್ಟ ಕೊಟ್ಟಿಲ್ಲ. ಬಿಳಿ ಗಂಡಸು ಮಾರಿಗಿ ಮಸಿ ಬಳಕೊಂಡು ಬಿದ್ದು ಎದ್ದು ಮಾಡ್ಯಾನ. ಆಗಿನ ಮಂದಿ ಹಿಂಗ ನಗತಿದ್ರು. ನೀವೂ ಅವರ ಕೂಡ ನಗತೀರೇನು?"

ಜೀನತ ಅಡುಗೆಮನೆಗೆ, ಮರೆವ್ವನ ಹತ್ತಿರ ಹೋದಳು.

"ಅಕ್ಕಾ, ಆ ಕೆಲಸದಾಕಿಗೆ ನೀ ಮಾತು ಕೊಡು ಬಾ."

"ನನಗೇನ ಬರತೈತಿ?"

"ಮನ್ಯಾಗ ಗಂಡಗ ಜಾಡಸ್ತೀಯಲ್ಲ, ಅಷ್ಟು ಸಾಕು."

ಮರೆವ್ವ ಬಂದು ಚಾದರದ ಪಕ್ಕ ನಿಂತಳು. ಚಿತ್ರ ಮತ್ತೆ ಮೊದಲಿನಿಂದ ಓಡಿತು. ಕೊನೆಗೆ ಸಾಹೇಬ ಗಾಳಿಯಲ್ಲಿ ತೇಲಿ ಮಾಳಿಗೆಗೆ ಅಂಟಿಕೊಂಡ. ಕೆಲಸದಾಕೆ ಸೊಂಟಕ್ಕೆ ಕೈಯಿಟ್ಟು ಕೆಳಗೆ ನಿಂತಳು. ಜೀನತ ಸಾಹೇಬನ ದನಿಯಲ್ಲಿ ಒದರಿದಳು: "ಏ ಕರಿ, ಇಳಸ ನನ್ನ."

ಮರೆವ್ವ ಚಾದರದ ಮೇಲಿನ ಸಾಹೇಬನತ್ತ ತಲೆಯೆತ್ತಿದಳು. "ಕರಿ ಅಂದ್ರ ಯಾರ್ರಿ? ನನಗೊಂದು ಹೆಸರೈತಿ. ನೆಟ್ಟಗ ಕರೀರಿ, ಇಳಸ್ತೇನಿ."

ಜೀನತ ಬೇಕೆಂದೇ ಚಿತ್ರವನ್ನು ಅಲ್ಲಿಯೇ ತಡೆದಳು. ಸಾಹೇಬ ಮಾಳಿಗೆಯಲ್ಲೇ ಉಳಿದ. ಮೊದಲು ಒಬ್ಬ ಹುಡುಗಿ, ಆಮೇಲೆ ಇಡೀ ಶಾಲೆ ಕೂಗಿತು: "ಮರೆವ್ವಾರ, ಇಳಸ್ರಿ ಅವನ್ನ."

"ಇನ್ನೊಮ್ಮೆ ಅನ್ರಿ," ಎಂದಳು ಮರೆವ್ವ.